ಲೋಹದ ಮುಖ, ಖಾಲಿ ಕೋಟು: ಪ್ರಾಗ್‌ನಲ್ಲಿ ಕಾಫ್ಕಾನ ಬೆನ್ನು ಹತ್ತಿ

ಗುರುವಾರ

ಜರ್ಮನಿಯ ಡ್ರೆಸ್ಡನ್‌ನಲ್ಲಿರುವ ಅಕ್ಕನ ಮನೆಯಿಂದ ಚೆಕ್ ದೇಶದ ರಾಜಧಾನಿ ಪ್ರಾಗ್‌ಗೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಎಲ್ಬೆ ನದಿ ಬಹಳ ದೂರ ಜೊತೆಗೇ ಬರುತ್ತದೆ. ಅಕ್ಕ ಆಫೀಸಿಗೆ ರಜೆ ಹಾಕಿ ನನ್ನ ಜೊತೆ ಹೊರಟಿದ್ದಳು. ಅವಳಿಗೆ ಪ್ರಾಗ್‌ನ ಸೇತುವೆ, ಟ್ರಾಮು, ಹಳೆ ಬೀದಿ ಇಷ್ಟ. ನಾನು ಹೊರಟಿದ್ದು ಆ ಊರಿನ ಕಥೆಗಾರ ಫ್ರಾನ್ಜ್ ಕಾಫ್ಕಾಗಾಗಿ.

ಕಾಲೇಜಿನಲ್ಲಿ ಓದಿದಾಗಿನಿಂದ ಅವನು ನನ್ನನ್ನು ಬಿಟ್ಟಿಲ್ಲ. ಅದರಲ್ಲೂ ಒಂದು ವಿಷಯ ತಲೆಯಲ್ಲಿ ಗಟ್ಟಿಯಾಗಿ ಉಳಿದಿದೆ. ಬೆಳಗಾಗುವುದರೊಳಗೆ ಹುಳುವಾಗಿ ಬಿಡುವ ಮನುಷ್ಯನ ಕಥೆ 1915ರಲ್ಲಿ ಪುಸ್ತಕವಾಗುವಾಗ, ಮುಖಪುಟಕ್ಕೆ ಚಿತ್ರ ಬರೆಯುವವನು ಎಲ್ಲಿ ಹುಳುವನ್ನೇ ಬರೆದುಬಿಡುತ್ತಾನೋ ಅಂತ ಕಾಫ್ಕಾಗೆ ಭಯವಾಯಿತು. ಪ್ರಕಾಶಕರಿಗೆ ಕಾಗದ ಬರೆದ. ಹುಳುವನ್ನು ಮಾತ್ರ ಬರೆಯಬೇಡಿ, ದೂರದಿಂದ ಕಾಣುವ ಹಾಗೆಯೂ ಬೇಡ ಅಂತ ಕೇಳಿಕೊಂಡ. ಕೊನೆಗೆ ಮುಖಪುಟದಲ್ಲಿ ಬಂದಿದ್ದು, ಅರ್ಧ ತೆರೆದ ಬಾಗಿಲಿಗೆ ಬೆನ್ನು ಮಾಡಿ ಮುಖ ಮುಚ್ಚಿಕೊಂಡು ನಿಂತ ಒಬ್ಬ ಮನುಷ್ಯ, ಅಷ್ಟೇ.

ತಾನು ಬರೆದದ್ದನ್ನು ಕಣ್ಣಿಗೆ ಕಟ್ಟುವ ಹಾಗೆ ತೋರಿಸಬೇಡಿ ಅಂದವನಿಗೆ ಊರು ಮೂರ್ತಿ ಮಾಡಿ ನಿಲ್ಲಿಸುವುದು ಹೇಗೆ? ಇದನ್ನು ನೋಡಬೇಕಿತ್ತು.

ರೂಮಿನಲ್ಲಿ ಬ್ಯಾಗ್ ಇಟ್ಟು ನೇರವಾಗಿ ನಾರೊದ್ನಿ ತ್ರೀದಾ ಮೆಟ್ರೊ ಸ್ಟೇಷನ್‌ಗೆ ಹೋದೆವು. ಹೊರಗೆ ಬಂದರೆ ಕ್ವಾಡ್ರಿಯೊ ಅನ್ನುವ ಹೊಸ ಮಾಲ್. ಅದರ ಪಕ್ಕದ ಅಂಗಳದಲ್ಲಿದೆ ಕಾಫ್ಕಾನ ತಲೆ. ಡೇವಿಡ್ ಚೆರ್ನಿ ಅನ್ನುವ ಕಲಾವಿದ ಮಾಡಿದ್ದು, 2014ರಲ್ಲಿ ನಿಲ್ಲಿಸಿದ್ದು. ಎತ್ತರ ಸುಮಾರು 11 ಮೀಟರ್, ಅಂದರೆ ಮೂರು ಮಹಡಿ ಮನೆಯಷ್ಟು. ತೂಕ 39 ಟನ್. ಹೊಳೆಯುವ ಸ್ಟೀಲಿನ 42 ಪದರಗಳನ್ನು ತಟ್ಟೆಗಳ ಹಾಗೆ ಒಂದರ ಮೇಲೊಂದು ಪೇರಿಸಿ ಮುಖ ಮಾಡಿದ್ದಾರೆ. ಪ್ರತಿ ಪದರವೂ ತನ್ನ ಪಾಡಿಗೆ ತಾನು ತಿರುಗಬಲ್ಲದು.

ನಾವು ಹೋದಾಗ ಅದು ಸುಮ್ಮನೆ ನಿಂತಿತ್ತು. ಅಗಲವಾದ ಕಣ್ಣು, ಚೂಪು ಮೂಗು. ಫೋಟೋಗಳಲ್ಲಿ ಎಲ್ಲರೂ ನೋಡಿರುವ ಅದೇ ಮುಖ. "ಇದು ತಿರುಗುತ್ತಂತೆ ಕಣೇ, ಸ್ವಲ್ಪ ಇರು," ಅಂದಳು ಅಕ್ಕ. ಬೆಂಚಿನ ಮೇಲೆ ಕೂತೆವು. ಗಂಟೆ ಆಗುತ್ತಿದ್ದ ಹಾಗೆ ಹಣೆಯ ಪದರ ನಿಧಾನವಾಗಿ ಜರುಗಿತು. ಆಮೇಲೆ ಗಲ್ಲ ಬೇರೆ ಕಡೆಗೆ ಹೊರಟಿತು. ಮೂಗು ಕಿವಿಯ ಜಾಗಕ್ಕೆ ಬಂತು. ಒಂದೇ ನಿಮಿಷದಲ್ಲಿ ಮುಖವೇ ಇಲ್ಲ. ಬರೀ ಹೊಳೆಯುವ ಲೋಹ, ಅದರಲ್ಲಿ ಸುತ್ತಲಿನ ಕಿಟಕಿಗಳು, ಮೋಡ, ಮೇಲೆ ನೋಡುತ್ತಾ ನಿಂತ ನಾವೆಲ್ಲ ಚೂರುಚೂರಾಗಿ ಕಾಣುತ್ತಿದ್ದೆವು. ಮತ್ತೆ ಸ್ವಲ್ಪ ಹೊತ್ತಿಗೆ ಎಲ್ಲ ಪದರಗಳೂ ಒಂದು ಕಡೆ ಬಂದು ಸೇರಿದವು, ಮುಖ ವಾಪಸ್ ಬಂತು. ಪಕ್ಕದಲ್ಲಿ ಒಂದು ಮಗು ಪ್ರತಿ ಸಲ ಮುಖ ಕೂಡಿಕೊಂಡಾಗ ಕೂಗುತ್ತಿತ್ತು.

ನನಗೆ ಇದು ತುಂಬಾ ಹಿಡಿಸಿತು. ಫೋಟೋ ನೋಡಿದಾಗ, ಪ್ರವಾಸಿಗರನ್ನು ಮಾಲ್‌ಗೆ ಕರೆಸಲು ಮಾಡಿದ ದೊಡ್ಡ ಆಟಿಕೆ ಅಂದುಕೊಳ್ಳುವುದು ಸುಲಭ. ಎದುರು ನಿಂತರೆ ಹಾಗನಿಸುವುದಿಲ್ಲ. ಕಾಫ್ಕಾ ಡೈರಿ, ಕಾಗದಗಳನ್ನು ಓದಿದವರಿಗೆ ಗೊತ್ತು, ಅವನು ತಾನು ಒಂದೇ ಆಗಿ ನಿಂತ ದಿನಗಳೇ ಕಡಿಮೆ. ಪ್ರಾಗ್‌ನ ಯಹೂದಿ, ಬರೆದದ್ದು ಜರ್ಮನ್‌ನಲ್ಲಿ, ಆಫೀಸಿನಲ್ಲಿ ಬೀದಿಯಲ್ಲಿ ಚೆಕ್ ಮಾತು. ಹಗಲು ವಿಮಾ ಕಚೇರಿಯ ಅಧಿಕಾರಿ, ರಾತ್ರಿ ಬರಹಗಾರ. ಚೆರ್ನಿ ಆ ಮುಖವನ್ನು ಒಂದೇ ನೋಟದಲ್ಲಿ ನಮಗೆ ಕೊಟ್ಟುಬಿಡುವುದಿಲ್ಲ. ಸಿಕ್ಕಿತು ಅನ್ನುವಾಗ ಕಿತ್ತುಕೊಳ್ಳುತ್ತಾನೆ.

ಸಂಜೆ ಅದೇ ರಸ್ತೆಯ ಕೆಫೆ ಲೂವ್ರ್‌ನಲ್ಲಿ ಕಾಫಿ. 1902ರಲ್ಲಿ ಶುರುವಾದ ಜಾಗ. ಯುವಕ ಕಾಫ್ಕಾ ಗೆಳೆಯ ಮಾಕ್ಸ್ ಬ್ರೋಡ್ ಜೊತೆ ಇಲ್ಲಿ ತತ್ವಶಾಸ್ತ್ರದ ಚರ್ಚೆಗೆ ಬರುತ್ತಿದ್ದ. ಅಲ್ಲಿಂದ ಸ್ವಲ್ಪ ದೂರದಲ್ಲಿ, ಕಮಾನಿನ ಕೆಳಗಿನ ಗೋಡೆಯಲ್ಲಿ ಕಂಚಿನ ಕೈಗಳು ಮೇಲಕ್ಕೆ ಚಾಚಿವೆ. 1989ರ ನವೆಂಬರ್ 17ರಂದು ಪೊಲೀಸರು ವಿದ್ಯಾರ್ಥಿಗಳನ್ನು ಈ ರಸ್ತೆಯಲ್ಲಿ ಹೊಡೆದದ್ದರ ನೆನಪು ಅದು. ಕಮ್ಯುನಿಸ್ಟ್ ಆಡಳಿತ ಉರುಳಿದ್ದು ಆ ಸಂಜೆಯಿಂದ. ಆ ಆಡಳಿತಕ್ಕೆ ಬೇಡವಾಗಿದ್ದ ಕಾಫ್ಕಾ ಈ ಊರಿಗೆ ವಾಪಸ್ ಬಂದದ್ದೂ ಒಂದು ರೀತಿಯಲ್ಲಿ ಆಗಲೇ.

ಶುಕ್ರವಾರ

ಬೆಳಿಗ್ಗೆ ಹಳೆ ಪಟ್ಟಣದ ಚೌಕ. ಖಗೋಳ ಗಡಿಯಾರದ ಕೆಳಗೆ ಜನ ಜಾತ್ರೆ. ಕಾಫ್ಕಾ ಬದುಕಿನ ಬಹುಪಾಲು ಈ ಚೌಕದ ಸುತ್ತ ಕೆಲವೇ ಬೀದಿಗಳಲ್ಲಿ ಕಳೆಯಿತು ಅನ್ನುವುದು ಇಲ್ಲಿ ನಡೆದಾಡಿದರೆ ಗೊತ್ತಾಗುತ್ತದೆ. ಗಡಿಯಾರದ ಪಕ್ಕದಲ್ಲೇ ಗೋಡೆ ತುಂಬಾ ಕೆತ್ತಿದ ಚಿತ್ರಗಳಿರುವ 'ಮಿನುಟಾ' ಮನೆ. ಅವನ ಮೂವರು ತಂಗಿಯರು ಹುಟ್ಟಿದ್ದು ಅಲ್ಲಿ. ಚೌಕದ ಆಚೆ ಬದಿಗೆ ಕಿನ್ಸ್ಕಿ ಅರಮನೆ. ಹಿಂಭಾಗದಲ್ಲಿ ಅವನು ಓದಿದ ಹೈಸ್ಕೂಲ್ ಇತ್ತು. ಮುಂದೆ ಅದೇ ಕಟ್ಟಡದ ಕೆಳಗಡೆ ಅಪ್ಪ ಹೆರ್ಮನ್ ಕಾಫ್ಕಾನ ಅಂಗಡಿ ಬಂತು. 1948ರ ಫೆಬ್ರವರಿಯಲ್ಲಿ ಕಮ್ಯುನಿಸ್ಟರ ನಾಯಕ ಜನರ ಮುಂದೆ ಬಂದು ನಿಂತದ್ದೂ ಅದೇ ಅರಮನೆಯ ಬಾಲ್ಕನಿಗೆ. ಆಮೇಲೆ ಕಾಫ್ಕಾ ತನ್ನ ಊರಿನಲ್ಲೇ ಬೇಡವಾದ.

ಅವನು 1883ರ ಜುಲೈ 3ರಂದು ಹುಟ್ಟಿದ ಮನೆ ಚೌಕದ ಅಂಚಿಗೆ, ಸೇಂಟ್ ನಿಕೋಲಸ್ ಚರ್ಚ್‌ನ ಪಕ್ಕ. ಮೂಲ ಮನೆ 1897ರಲ್ಲಿ ಸುಟ್ಟುಹೋಯಿತು, ಉಳಿದದ್ದು ಕಲ್ಲಿನ ಬಾಗಿಲುವಾಡ ಮಾತ್ರ. ಮೂಲೆಯ ಗೋಡೆಯಲ್ಲಿ ಶಿಲ್ಪಿ ಕರೆಲ್ ಹ್ಲಾದಿಕ್ ಮಾಡಿದ ಕಾಫ್ಕಾನ ಮುಖ ಇದೆ. ಒಣಗಿದ ಕೆನ್ನೆ, ಒಳಗಿಳಿದ ಕಣ್ಣು. ಹತ್ತು ಜನ ಹೋದರೆ ಒಂಬತ್ತು ಜನ ತಲೆ ಎತ್ತದೆ ಹೋಗುತ್ತಾರೆ. ಆದರೆ ಇದನ್ನು ಹಾಕಿದ ಕಾಲ ಮುಖ್ಯ. 1960ರ ದಶಕ ಅದು. 1963ರಲ್ಲಿ ಪ್ರಾಗ್ ಹತ್ತಿರದ ಲಿಬ್ಲಿಟ್ಸೆಯಲ್ಲಿ ಸಾಹಿತ್ಯ ವಿದ್ವಾಂಸ ಎಡುವರ್ಡ್ ಗೋಲ್ಡ್‌ಸ್ಟುಕರ್ ಮತ್ತಿತರರು ಕಾಫ್ಕಾ ಬಗ್ಗೆ ಸಮ್ಮೇಳನ ಮಾಡಿದರು. ಈ ಬರಹಗಾರ ನಮ್ಮವನು, ಇವನನ್ನು ಓದಬೇಕು ಅಂತ ಬಹಿರಂಗವಾಗಿ ಹೇಳುವುದಕ್ಕೂ ಆಗ ಧೈರ್ಯ ಬೇಕಿತ್ತು. ಮುಚ್ಚಿದ ಕಿಟಕಿ ಸ್ವಲ್ಪ ತೆರೆದದ್ದು ಆಗ. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಬಂದವು, ಕಿಟಕಿ ಮತ್ತೆ ಮುಚ್ಚಿತು. ಆ ಸ್ವಲ್ಪ ಕಾಲದ ಗುರುತು ಈ ಮುಖ. ಕಲೆಯಾಗಿ ಅದು ಸಾಧಾರಣ, ನಮ್ಮ ಊರುಗಳ ಸರ್ಕಲ್‌ಗಳಲ್ಲಿ ಸಾಹಿತಿಗಳಿಗೆ ಮಾಡುವ ಅರ್ಧ ಮೂರ್ತಿಗಳ ಜಾತಿಯದೇ. ಆದರೂ ಅದರ ಎದುರು ನಾನು ಜಾಸ್ತಿ ಹೊತ್ತು ನಿಂತೆ.

ಅಲ್ಲಿಂದ ಯಹೂದಿ ಕೇರಿಯ ಕಡೆಗೆ. ದುಷ್ನಿ ಬೀದಿಯಲ್ಲಿ, ಒಂದು ಬದಿಗೆ ಯಹೂದಿಗಳ ಪ್ರಾರ್ಥನಾ ಮಂದಿರ ಸ್ಪ್ಯಾನಿಷ್ ಸಿನಗಾಗ್, ಇನ್ನೊಂದು ಬದಿಗೆ ಹೋಲಿ ಸ್ಪಿರಿಟ್ ಚರ್ಚ್. ಎರಡರ ನಡುವೆ ಯಾರೊಸ್ಲಾವ್ ರೋನಾ ಮಾಡಿದ ಕಂಚಿನ ಶಿಲ್ಪ ನಿಂತಿದೆ. 2003ರ ಡಿಸೆಂಬರ್‌ನಲ್ಲಿ ಇಟ್ಟಿದ್ದು. 3.75 ಮೀಟರ್ ಎತ್ತರ, ಸುಮಾರು 700 ಕಿಲೋ.

ಒಂದು ದೊಡ್ಡ ಸೂಟು ನಡೆದು ಬರುತ್ತಿದೆ. ಒಳಗೆ ಮನುಷ್ಯ ಇಲ್ಲ. ಕುತ್ತಿಗೆಯ ಜಾಗದಲ್ಲಿ ತೂತು, ತೋಳುಗಳ ತುದಿಯಲ್ಲಿ ತೂತು, ಒಳಗೆ ಕತ್ತಲೆ. ಆ ಖಾಲಿ ಕೋಟಿನ ಹೆಗಲ ಮೇಲೆ ಪುಟ್ಟ ಕಾಫ್ಕಾ, ತಲೆಗೆ ಹ್ಯಾಟು, ಬೆರಳು ಮುಂದಕ್ಕೆ ಚಾಚಿ ಕೂತಿದ್ದಾನೆ. ಅವನು ಹರೆಯದಲ್ಲಿ ಬರೆದ ಒಂದು ಕಥೆಯಲ್ಲಿ ಕಥೆ ಹೇಳುವವನು ಜೊತೆಗಾರನ ಹೆಗಲೇರಿ ಸವಾರಿ ಮಾಡುತ್ತಾನೆ. ಶಿಲ್ಪ ಹುಟ್ಟಿದ್ದು ಅದರಿಂದ.

ಅಕ್ಕ ಕಾಫ್ಕಾನನ್ನು ಓದಿದವಳಲ್ಲ. ಸುತ್ತ ಒಂದು ಸುತ್ತು ಹಾಕಿ ಬಂದು, "ಅಪ್ಪನ ಮೇಲೆ ಕೂತಿರೋ ಮಗ ಅಲ್ವಾ?" ಅಂದಳು. ನನಗೆ ಮೈ ಜುಮ್ಮೆಂದಿತು. ಗಟ್ಟಿ ದನಿಯ, ದೊಡ್ಡ ಮೈಕಟ್ಟಿನ ಅಪ್ಪನ ಎದುರು ತಾನು ಕುಗ್ಗಿಹೋದದ್ದನ್ನು ಕಾಫ್ಕಾ 1919ರಲ್ಲಿ ಬಹಳ ಉದ್ದದ ಕಾಗದದಲ್ಲಿ ಬರೆದ. ಚಿಕ್ಕವನಿದ್ದಾಗ ಈಜಲು ಹೋದರೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಅಪ್ಪನ ಮೈಯ ಪಕ್ಕ ತನ್ನ ಸಣಕಲು ಮೈ ನೋಡಿಕೊಂಡು ನಾಚುತ್ತಿದ್ದನಂತೆ. ಆ ಕಾಗದ ಅಪ್ಪನ ಕೈ ಸೇರಲೇ ಇಲ್ಲ. ನಾನು ಅಕ್ಕನಿಗೆ ಇದನ್ನೆಲ್ಲ ಹೇಳಿರಲಿಲ್ಲ. ಶಿಲ್ಪವೇ ಅವಳಿಗೆ ಹೇಳಿತ್ತು.

ಇದೇ ನನ್ನ ಪ್ರಕಾರ ಪ್ರಾಗ್‌ನಲ್ಲಿರುವ ಅತ್ಯುತ್ತಮ ಕಾಫ್ಕಾ. ರೋನಾ ಹುಳುವನ್ನು ಮಾಡಲಿಲ್ಲ, ಬರೆಯುವ ಮೇಜಿನ ಮುಂದೆ ಕೂತ ಲೇಖಕನನ್ನೂ ಮಾಡಲಿಲ್ಲ. ಅವನ ಬರಹದೊಳಗೆ ಹೋಗಿ ಅಲ್ಲಿಂದ ಒಂದು ಆಕಾರ ತಂದ. ಜಾಗವೂ ಸರಿಯಾಗಿದೆ. ಕಾಫ್ಕಾ ಕುಟುಂಬ ಈ ಬೀದಿಯಲ್ಲೂ ಮನೆ ಮಾಡಿತ್ತು. ಪ್ರತಿ ವರ್ಷ ಕೊಡಲೆಂದು 2001ರಲ್ಲಿ ಶುರು ಮಾಡಿದ ಕಾಫ್ಕಾ ಪ್ರಶಸ್ತಿಯ ಜೊತೆ ಲೇಖಕರಿಗೆ ಸಿಗುವುದೂ ಇದರದೇ ಪುಟ್ಟ ಪ್ರತಿ. 2006ರಲ್ಲಿ ಹರುಕಿ ಮುರಕಮಿ ಅದನ್ನು ತೆಗೆದುಕೊಂಡಿದ್ದರು.

ಮಧ್ಯಾಹ್ನ ಊಟಕ್ಕೆ ಕರಿದ ಚೀಸು, ಆಲೂಗಡ್ಡೆ. ಮಾಂಸ ತಿನ್ನದವರಿಗೆ ಹಳೆ ಹೋಟೆಲುಗಳಲ್ಲಿ ಸುಲಭವಾಗಿ ಸಿಗುವುದು ಅದೇ. ಆಮೇಲೆ ಪಾರೀಷ್ಸ್ಕಾ ಬೀದಿ ಹಿಡಿದು ನದಿಯವರೆಗೆ ನಡೆದೆವು. ಆ ತುದಿಯಲ್ಲಿದ್ದ ಮನೆಯಲ್ಲೇ ಕಾಫ್ಕಾ 1912ರ ಸೆಪ್ಟೆಂಬರ್‌ನ ಒಂದು ರಾತ್ರಿ ಕೂತು ಬೆಳಗಾಗುವುದರೊಳಗೆ ಒಂದು ಇಡೀ ಕಥೆ ಬರೆದು ಮುಗಿಸಿದ್ದು. ಅದಾದ ಎರಡು ತಿಂಗಳಿಗೆ ಹುಳುವಿನ ಕಥೆ ಶುರುವಾಯಿತು. ಆ ಮನೆ ಈಗ ಇಲ್ಲ, ದೊಡ್ಡ ಹೋಟೆಲ್ ಇದೆ. ಕಿಟಕಿಯಿಂದ ಅವನಿಗೆ ಕಾಣುತ್ತಿದ್ದ ಚೆಖ್ ಸೇತುವೆ ಮಾತ್ರ ಹಾಗೇ ಇದೆ.

ದಾರಿಯುದ್ದಕ್ಕೂ ಅಂಗಡಿಗಳಲ್ಲಿ ಕಾಫ್ಕಾ ಕಪ್‌ಗಳು, ಕಾಫ್ಕಾ ಟೀ ಶರ್ಟು. ಕೆಲವದರ ಮೇಲೆ ಜಿರಳೆ ಚಿತ್ರ. ಅವನ 1915ರ ಕಾಗದ ನೆನಪಾಗಿ ಬೇಸರವಾಯಿತು.

ಶನಿವಾರ

22ನೇ ನಂಬರಿನ ಟ್ರಾಮು ಹತ್ತಿ ಕೋಟೆಯ ಗುಡ್ಡಕ್ಕೆ. ಕೋಟೆಯೊಳಗೆ 'ಚಿನ್ನದ ಓಣಿ' ಅಂತ ಒಂದು ಸಂದು ಇದೆ. ಹಿಂದೆ ಕಾವಲುಗಾರರು ಇದ್ದ ಬೊಂಬೆ ಮನೆಯಂಥ ಗೂಡುಗಳು. 22ನೇ ನಂಬರಿನ ನೀಲಿ ಮನೆಯನ್ನು ಕಾಫ್ಕಾನ ಕೊನೆಯ ತಂಗಿ ಓಟ್ಲಾ ಬಾಡಿಗೆಗೆ ಹಿಡಿದಿದ್ದಳು. ಅಣ್ಣನಿಗೆ ಸದ್ದಿಲ್ಲದ ಜಾಗ ಬೇಕಿತ್ತು. 1916-17ರ ಚಳಿಗಾಲದಲ್ಲಿ ಅವನು ಆಫೀಸು ಮುಗಿಸಿ ಇಲ್ಲಿಗೆ ಬಂದು ರಾತ್ರಿಯವರೆಗೆ ಬರೆದು, ಹಿಮ ಬಿದ್ದ ಮೆಟ್ಟಿಲಿಳಿದು ಮನೆಗೆ ನಡೆದು ಹೋಗುತ್ತಿದ್ದ. ಓಟ್ಲಾ ಒಲೆ ಹಚ್ಚಿ ಮನೆ ಬೆಚ್ಚಗೆ ಇಟ್ಟಿರುತ್ತಿದ್ದಳು.

ಈಗ ಅದು ಪುಸ್ತಕದ ಅಂಗಡಿ. ನಾಲ್ಕು ಜನ ಒಳಗೆ ಹೋದರೆ ಐದನೆಯವರಿಗೆ ಜಾಗ ಇಲ್ಲ. ಗೋಡೆಯಲ್ಲಿ ಅವನ ಹೆಸರಿದೆ. ಓಟ್ಲಾಗೂ ಇಲ್ಲಿ ಒಂದು ಶಿಲ್ಪ ಬೇಕು ಅಂತ ನನಗೆ ಬಲವಾಗಿ ಅನಿಸಿತು. ಬರೆಯುವವರ ಹಿಂದೆ ಹೀಗೆ ಬಾಡಿಗೆ ಕಟ್ಟಿ, ಒಲೆ ಹಚ್ಚಿ ನಿಂತವರನ್ನು ಊರುಗಳು ಅಷ್ಟು ಸುಲಭವಾಗಿ ನೆನೆಯುವುದಿಲ್ಲ. ಅಕ್ಕನಿಗೆ ಹೇಳಿದೆ. "ಕೆಟಲ್ ಹಿಡ್ಕೊಂಡಿರೋ ಹಾಗೆ ಮಾತ್ರ ಮಾಡಬಾರದು, ಕೀಲಿಕೈ ಕೊಡೋ ಹಾಗೆ ಮಾಡಲಿ," ಅಂದಳು.

ಇಳಿಯುವಾಗ ಕೋಟೆಯ ಕೆಳಗಿನ ಹಳೆ ಬಡಾವಣೆ ಮಾಲಾ ಸ್ತ್ರಾನಾ. ಶ್ಯೋನ್‌ಬೋರ್ನ್ ಅರಮನೆಯಲ್ಲಿ ಅವನು 1917ರಲ್ಲಿ ಎರಡು ಕೋಣೆ ಹಿಡಿದಿದ್ದ. ಆ ವರ್ಷ ಆಗಸ್ಟ್‌ನಲ್ಲಿ ಬಾಯಿಂದ ರಕ್ತ ಬಂತು. ಕ್ಷಯ. ಇಂದು ಅಲ್ಲಿ ಅಮೆರಿಕದ ರಾಯಭಾರ ಕಚೇರಿ, ಹತ್ತಿರ ನಿಲ್ಲುವ ಹಾಗಿಲ್ಲ.

ನದಿ ಪಕ್ಕದ ಕಾಫ್ಕಾ ಮ್ಯೂಸಿಯಂ 2005ರಲ್ಲಿ ತೆರೆದದ್ದು. ಒಳಗೆ ಕತ್ತಲು ಕೋಣೆಗಳು, ಕಾಗದಗಳು, ಮೊದಲ ಮುದ್ರಣದ ಪುಸ್ತಕಗಳು. ಅಂಗಳದಲ್ಲಿ ಎತ್ತರದ 'ಕೆ' ಅಕ್ಷರಗಳು, ಜೊತೆಗೆ ಚೆರ್ನಿಯದೇ ಒಂದು ಕಾರಂಜಿ. ಚೆಕ್ ದೇಶದ ನಕ್ಷೆಯ ಆಕಾರದ ನೀರಿನ ತೊಟ್ಟಿ, ಅದರಲ್ಲಿ ಎದುರುಬದುರು ನಿಂತು ಮೂತ್ರ ಮಾಡುವ ಇಬ್ಬರು ಗಂಡಸರು. ಸೊಂಟ ತಿರುಗುತ್ತದೆ, ನೀರು ಅಕ್ಷರ ಬರೆಯುತ್ತದೆ. ಜನ ನಗುತ್ತಾ ಫೋಟೋ ತೆಗೆಯುತ್ತಿದ್ದರು. ಇದು ಕಾಫ್ಕಾಗೆ ಮಾಡಿದ್ದಲ್ಲ, ಅವನ ಮ್ಯೂಸಿಯಂ ಅಂಗಳದಲ್ಲಿ ಇದೆ ಅಷ್ಟೇ. ನಾನು ಬೇಗ ಮುಂದೆ ಹೋದೆ.

ಭಾನುವಾರ

ಹೊಸ ಯಹೂದಿ ಸ್ಮಶಾನ ಶನಿವಾರ ಮುಚ್ಚಿರುತ್ತದೆ. ಹಾಗಾಗಿ ಭಾನುವಾರಕ್ಕೆ ಇಟ್ಟುಕೊಂಡಿದ್ದೆವು. ಮೆಟ್ರೊ ಎ ಲೈನಿನಲ್ಲಿ ಝೆಲಿವ್ಸ್ಕೆಹೊ ಸ್ಟೇಷನ್, ಹೊರಗೆ ಬಂದರೆ ಪಕ್ಕದಲ್ಲೇ ಗೇಟು. ಗಂಡಸರು ತಲೆ ಮುಚ್ಚಿಕೊಂಡು ಹೋಗಬೇಕು. ಸಮಾಧಿಯ ದಾರಿ ತೋರಿಸುವ ಫಲಕ ಇದೆ. ಬಲಕ್ಕೆ ತಿರುಗಿ ಗೋಡೆ ಪಕ್ಕ ನಡೆದರೆ ಸಾಕು.

ವಾಸ್ತುಶಿಲ್ಪಿ ಲಿಯೊಪೋಲ್ಡ್ ಎಹ್ರ್‌ಮನ್ ಮಾಡಿದ ಕಲ್ಲು. ಆರು ಮುಖಗಳಿವೆ, ಮೇಲೆ ಹೋದ ಹಾಗೆ ಅಗಲವಾಗಿ ತುದಿಯಲ್ಲಿ ಚೂಪಾಗುತ್ತದೆ. ಡಾಕ್ಟರ್ ಫ್ರಾನ್ಜ್ ಕಾಫ್ಕಾ ಅಂತ ಹೆಸರು, ಕಾನೂನಿನ ಡಾಕ್ಟರೇಟ್ ಇತ್ತಲ್ಲ. 1924ರ ಜೂನ್ 3ರಂದು ವಿಯೆನ್ನಾ ಹತ್ತಿರದ ಆರೋಗ್ಯಧಾಮದಲ್ಲಿ ತೀರಿಕೊಂಡವನನ್ನು ಇಲ್ಲಿಗೆ ತಂದು ಮಣ್ಣು ಮಾಡಿದರು. ಅವನಿಗಾಗ ಇನ್ನೂ 41 ತುಂಬಿರಲಿಲ್ಲ. 1931ರಲ್ಲಿ ಅಪ್ಪ, 1934ರಲ್ಲಿ ಅಮ್ಮ ಅದೇ ಕಲ್ಲಿನ ಕೆಳಗೆ ಬಂದರು.

ಕೆಳಗೆ ಒಂದು ಸಣ್ಣ ಫಲಕ. ಅದರಲ್ಲಿ ಮೂವರು ತಂಗಿಯರ ಹೆಸರು. ಅವರಿಗೆ ಸಮಾಧಿ ಇಲ್ಲ. ಎಲಿ ಮತ್ತು ವಲಿಯನ್ನು ನಾಜಿಗಳು 1941ರಲ್ಲಿ ಪೋಲೆಂಡಿನ ವುಚ್ ಘೆಟ್ಟೊಗೆ, ಅಂದರೆ ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಗೆ ಸಾಗಿಸಿದರು, ಇಬ್ಬರೂ ವಾಪಸ್ ಬರಲಿಲ್ಲ. ನಿನ್ನೆ ನೋಡಿದ ನೀಲಿ ಮನೆಯ ಓಟ್ಲಾಳನ್ನು ತೆರೆಜಿನ್‌ನ ನಾಜಿ ಶಿಬಿರಕ್ಕೆ ಕಳಿಸಿದರು. 1943ರ ಅಕ್ಟೋಬರ್‌ನಲ್ಲಿ ಅಲ್ಲಿಂದ ಸುಮಾರು 1,200 ಮಕ್ಕಳನ್ನು ರೈಲಿನಲ್ಲಿ ಕರೆದೊಯ್ಯುವಾಗ, ಅವರನ್ನು ನೋಡಿಕೊಳ್ಳಲು ನಾನು ಹೋಗುತ್ತೇನೆ ಅಂತ ಓಟ್ಲಾ ತಾನಾಗಿ ಮುಂದೆ ಬಂದಳು. ರೈಲು ಹೋದದ್ದು ನಾಜಿಗಳ ಸಾವಿನ ಶಿಬಿರ ಆಶ್‌ವಿಟ್ಜ್‌ಗೆ. ಅಕ್ಕ ಫಲಕದ ಮುಂದೆ ಕೂತು ಹೆಸರುಗಳನ್ನು ಒಂದೊಂದಾಗಿ ಓದಿದಳು.

ಎದುರಿನ ಗೋಡೆಯಲ್ಲಿ ಮಾಕ್ಸ್ ಬ್ರೋಡ್ ಹೆಸರಿನ ಫಲಕ. ನಾನು ಬರೆದದ್ದನ್ನೆಲ್ಲ ಸುಟ್ಟುಬಿಡು ಅಂತ ಕಾಫ್ಕಾ ಹೇಳಿದ್ದರೂ ಬ್ರೋಡ್ ಸುಡಲಿಲ್ಲ. ಮೂರು ಕಾದಂಬರಿಗಳನ್ನೂ ಅಚ್ಚು ಮಾಡಿಸಿದ. 1939ರ ಮಾರ್ಚ್‌ನಲ್ಲಿ ಜರ್ಮನ್ ಸೈನ್ಯ ಪ್ರಾಗ್‌ಗೆ ನುಗ್ಗುವ ಹೊತ್ತಿಗೆ ಹಸ್ತಪ್ರತಿಗಳನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ರೈಲು ಹತ್ತಿದ. ತಂಗಿಯರ ಫಲಕಕ್ಕೂ ಬ್ರೋಡ್ ಫಲಕಕ್ಕೂ ನಡುವೆ ನಿಂತರೆ, ನಾವು ಇವನನ್ನು ಓದುತ್ತಿರುವುದೇ ಎಷ್ಟು ಅಪರೂಪದ ಮಾತು ಅನಿಸುತ್ತದೆ. ಸಮಾಧಿ ಮೇಲೆ ಜನ ಸಣ್ಣ ಕಲ್ಲುಗಳನ್ನು, ಪೆನ್ನುಗಳನ್ನು, ಮಡಚಿದ ಚೀಟಿಗಳನ್ನು ಇಟ್ಟು ಹೋಗಿದ್ದರು.

ರೈಲಿಗೆ ಇನ್ನೂ ಹೊತ್ತಿತ್ತು. ದಾರಿಯಲ್ಲೇ ನಾ ಪೊರ್ಜೀಚಿ ಬೀದಿಯ 7ನೇ ನಂಬರಿನ ಕಟ್ಟಡ. ಕಾರ್ಮಿಕರ ಅಪಘಾತ ವಿಮಾ ಸಂಸ್ಥೆ ಇದ್ದದ್ದು ಇಲ್ಲಿ. 1908ರಿಂದ 1922ರವರೆಗೆ, ಕಾಯಿಲೆಯಿಂದ ನಿವೃತ್ತಿ ಪಡೆಯುವ ತನಕ ಕಾಫ್ಕಾ ಕೆಲಸ ಮಾಡಿದ ಜಾಗ. ಈಗ ಹೋಟೆಲ್. ಒಳಗೆ ಅವನದೊಂದು ಅರ್ಧ ಮೂರ್ತಿ ಇದೆ. ಹೊರಗೆ ಬೀದಿಯಲ್ಲಿ ನೋಡುವಂಥದ್ದು ಏನೂ ಇಲ್ಲ.

ಇದು ನನಗೆ ಸರಿ ಕಾಣಲಿಲ್ಲ. ಆಫೀಸು ಅವನ ಬರವಣಿಗೆಯನ್ನು ತಿಂದುಹಾಕಿತು ಅಂತ ಎಲ್ಲರೂ ಹೇಳುತ್ತಾರೆ. ಅವನೇ ಹೇಳಿಕೊಂಡಿದ್ದಾನೆ. ಆದರೆ ಇಲ್ಲಿ ಅವನು ಮಾಡಿದ ಕೆಲಸ ಜನರ ಬೆರಳು ಉಳಿಸುವ ಕೆಲಸ. ಆ ಕಾಲದ ಮರ ಹೆರೆಯುವ ಯಂತ್ರಗಳಲ್ಲಿ ಚೌಕಾಕಾರದ ಶಾಫ್ಟ್, ಅಂದರೆ ತಿರುಗುವ ದಂಡ ಇರುತ್ತಿತ್ತು. ಅದರ ಮೇಲೇ ಬ್ಲೇಡುಗಳನ್ನು ಸ್ಕ್ರೂ ಮಾಡಿರುತ್ತಿದ್ದರು. ಚೌಕ ತಿರುಗುವಾಗ ಶಾಫ್ಟ್‌ಗೂ ಮೇಜಿಗೂ ನಡುವೆ ದೊಡ್ಡ ಸಂದು ಬಿಡುತ್ತದೆ. ಹಲಗೆ ಸ್ವಲ್ಪ ಜಾರಿದರೆ ಕೈ ಆ ಸಂದಿಗೆ ಹೋಗಿ ಬೆರಳಿನ ಗೆಣ್ಣುಗಳು ಹಾರಿಹೋಗುತ್ತಿದ್ದವು. ದುಂಡನೆಯ ಶಾಫ್ಟ್ ಹಾಕಿ, ಬ್ಲೇಡುಗಳನ್ನು ಅದರೊಳಗೆ ಕೂರಿಸಿದರೆ ಸಂದು ಬಹಳ ಸಣ್ಣದಾಗುತ್ತದೆ. ಬೆರಳು ತಾಗಿದರೂ ಗೀರು ಬೀಳುತ್ತದೆ ಅಷ್ಟೇ. ಸಂಸ್ಥೆಯ 1909ರ ವಾರ್ಷಿಕ ವರದಿಗೆ ಕಾಫ್ಕಾ ಇದನ್ನು ಹಂತಹಂತವಾಗಿ, ಚಿತ್ರಗಳನ್ನು ಸೇರಿಸಿ ಬರೆದ. ಅದರಲ್ಲಿ ಯಂತ್ರದ ಚಿತ್ರ ಇದೆ, ಬೆರಳು ಕಳೆದುಕೊಂಡ ಕೈಗಳ ಚಿತ್ರ ಇದೆ. ಹುಳುವನ್ನು ಬರೆಯಬೇಡಿ ಅಂದವನು ಇಲ್ಲಿ ಎಲ್ಲವನ್ನೂ ತೋರಿಸಿದ್ದಾನೆ. ಯಾಕೆಂದರೆ ಇಲ್ಲಿ ಕಾರ್ಖಾನೆ ಮಾಲೀಕನ ಕಣ್ಣಿಗೆ ಕಾಣಲೇಬೇಕಿತ್ತು.

ಪ್ರಾಗ್‌ಗೆ ಇನ್ನೊಂದು ಕಾಫ್ಕಾ ಶಿಲ್ಪ ಬೇಕಾದರೆ ಅದು ಈ ಫುಟ್‌ಪಾತಿನಲ್ಲಿ ಇರಬೇಕು. ಮುಖ ಬೇಡ, ಹ್ಯಾಟು ಬೇಡ. ಎರಡು ಶಾಫ್ಟ್ ಸಾಕು, ಒಂದು ಚೌಕ, ಒಂದು ದುಂಡು, ಮನುಷ್ಯನಷ್ಟು ಎತ್ತರ, ಕೈಯಲ್ಲಿ ತಿರುಗಿಸುವ ಹಾಗೆ. ಪಕ್ಕದಲ್ಲಿ ಅವನ ವರದಿಯ ಪುಟವನ್ನು ಲೋಹದಲ್ಲಿ ಅಚ್ಚು ಹಾಕಲಿ, ಜರ್ಮನ್‌ನಲ್ಲೂ ಚೆಕ್‌ನಲ್ಲೂ. ಚೌಕದ ಶಾಫ್ಟ್ ತಿರುಗಿಸಿದವರಿಗೆ ಆ ಸಂದು ಎಷ್ಟು ದೊಡ್ಡದು ಅಂತ ಅಂಗೈಗೇ ಗೊತ್ತಾಗುತ್ತದೆ. ಸ್ಟೇಷನ್‌ಗೆ ನಡೆಯುತ್ತಾ ಅಕ್ಕನಿಗೆ ಇದನ್ನೇ ವಿವರಿಸುತ್ತಿದ್ದೆ. ಅವಳು ಒಪ್ಪಿದಳು, ಒಂದು ಷರತ್ತು ಹಾಕಿದಳು. ಯಂತ್ರದ ಮುಂದೆ ನಿಂತು ಕೆಲಸ ಮಾಡಿದವರು ಯಾರು ಅಂತಲೂ ಅಲ್ಲಿ ಬರೆಯಬೇಕು, ವರದಿ ಬರೆದವನ ಹೆಸರು ಆಮೇಲೆ.